ಯುದ್ಧಕಾಲದ ಪತ್ರಿಕೆಗಳಲ್ಲಿ ಊರನ್ನು ಹುಡುಕುವುದು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ತಮ್ಮ ಊರು ಹೇಗಿತ್ತೆಂದು ತಿಳಿಯಬಯಸುವವರು ಸಾಮಾನ್ಯವಾಗಿ ಆ ಕಾಲದ ದಿನಪತ್ರಿಕೆಯ ದಪ್ಪಕ್ಷರದ ಸುದ್ದಿಗಳನ್ನೇ ಮೊದಲು ಓದುತ್ತಾರೆ. ಅಲ್ಲಿ ಟೊಬ್ರುಕ್ ಇದೆ, ಸ್ಟಾಲಿನ್‌ಗ್ರಾಡ್ ಇದೆ, ಸಿಂಗಪುರ ಬಿದ್ದದ್ದಿದೆ, ರಂಗೂನು ಬಿದ್ದದ್ದಿದೆ. ಊರು ಮಾತ್ರ ಇಲ್ಲ. ಹುಬ್ಬಳ್ಳಿಯ ಪತ್ರಿಕೆ ತೆರೆದರೂ ಅಷ್ಟೇ, ಮಂಗಳೂರಿನದು ತೆರೆದರೂ ಅಷ್ಟೇ. ರಾಯಿಟರ್ಸ್ ಮತ್ತು ಅದರ ಅಂಗಸಂಸ್ಥೆಯಾಗಿದ್ದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾ ಕಳುಹಿಸಿದ ಒಂದೇ ತಂತಿಯನ್ನು ಎಲ್ಲರೂ ತಂತಮ್ಮ ಕನ್ನಡಕ್ಕೆ ಇಳಿಸಿಕೊಳ್ಳುತ್ತಿದ್ದರು. ಶಿವಮೊಗ್ಗ ಸೀಮೆಯ ಆ ಆರು ವರ್ಷಗಳ ಸಂಗತಿಗಳನ್ನು ಕೂಡಿಸುವ ಗೀಳು ಹತ್ತಿದ ಮೇಲೆ ನಾನು ರೂಢಿಸಿಕೊಂಡ ಕ್ರಮವೆಂದರೆ, ಪತ್ರಿಕೆಯನ್ನು ಬಾಲದ ಕಡೆಯಿಂದ ಓದುವುದು: ಮೊದಲು ಜಾಹೀರಾತು, ಆಮೇಲೆ ನೋಟೀಸು ಮತ್ತು ಟೆಂಡರು, ಆಮೇಲೆ ಪೇಟೆಯ ಧಾರಣೆ, ಕೋರ್ಟಿನ ವಾರ್ತೆ, ಕಟ್ಟಕಡೆಗೆ ಯುದ್ಧ.

ಇದಕ್ಕೆ ಕಾರಣವಿದೆ. ಸುದ್ದಿಯ ಕಾಲಮ್ಮಿನ ಮೇಲೆ ಸರ್ಕಾರದ ಕಣ್ಣಿತ್ತು. 1939ರಲ್ಲಿ ಬಂದ ಭಾರತ ರಕ್ಷಣಾ ನಿಯಮಗಳು ಏನನ್ನು ಅಚ್ಚು ಹಾಕಬಾರದೆಂದು ಹೇಳುತ್ತಿದ್ದವು. ಆದರೆ ಮೋಟಾರು ಸರ್ವೀಸಿನವನು ತನ್ನ ಬಸ್ಸು ಇನ್ನು ಮುಂದೆ ದಿನಕ್ಕೆ ಒಂದೇ ಸಲ ಹೋಗುತ್ತದೆಂದು ಹಣ ಕೊಟ್ಟು ಹಾಕಿಸಿದ ನಾಲ್ಕು ಸಾಲಿನ ಪ್ರಕಟಣೆಯಲ್ಲಿ ಮುಚ್ಚಿಡಬೇಕಾದದ್ದು ಯಾರಿಗೂ ಕಾಣಲಿಲ್ಲ. ಸ್ಥಳೀಯ ಇತಿಹಾಸಕ್ಕೆ ಬೇಕಾದದ್ದು ಆ ನಾಲ್ಕು ಸಾಲು. ಪೆಟ್ರೋಲಿಗೆ ರೇಷನ್ ಬಂದದ್ದು, ಯಾವ ಊರುಗಳ ನಡುವೆ ಅದುವರೆಗೆ ಬಸ್ಸು ಓಡಾಡುತ್ತಿತ್ತು ಎಂಬುದು, ನಿಲ್ಲುವ ಜಾಗಗಳ ಹೆಸರು, ಟಿಕೇಟಿನ ದರ, ಕೆಲವೊಮ್ಮೆ ಗಾಡಿಗೆ ಇದ್ದಿಲ ಗ್ಯಾಸು ಜೋಡಿಸಿದ್ದೇವೆ ಎಂಬ ಹೆಮ್ಮೆಯ ಮಾತು, ಇಷ್ಟೂ ಅದರಲ್ಲಿರುತ್ತವೆ. ಬಸ್ಸಿನ ಹಿಂಭಾಗಕ್ಕೆ ಹಂಡೆಯಂಥ ಡ್ರಮ್ಮನ್ನು ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಹೊರಡುವ ಮುನ್ನ ಕ್ಲೀನರ್ ಹುಡುಗ ಹಿಡಿಕೆ ತಿರುಗಿಸಿ ಗಾಳಿಯೂದಿ ಬೆಂಕಿ ಹಿಡಿಸುತ್ತಿದ್ದನೆಂದೂ, ಘಟ್ಟದ ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದೂ ಮಲೆನಾಡಿನ ಹಿರಿಯರು ನಗುತ್ತ ಹೇಳುತ್ತಾರೆ. ಅವರಿಗೆ ವರ್ಷ ನೆನಪಿರುವುದಿಲ್ಲ, ಪ್ರಕಟಣೆಗೆ ತಾರೀಖಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಥೆಗೆ ಒಂದು ನೆಲೆ ಸಿಗುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ಯುದ್ಧಕಾಲದ ‘ಕರ್ನಾಟಕ’ ಎನ್ನುವುದು ಒಂದು ಆಡಳಿತವಾಗಿರಲಿಲ್ಲ. ಶಿವಮೊಗ್ಗ, ಹಾಸನ, ತುಮಕೂರುಗಳು ಮೈಸೂರು ಸಂಸ್ಥಾನದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತ್ಯದವು. ಮಂಗಳೂರು, ಬಳ್ಳಾರಿಗಳು ಮದರಾಸಿನವು. ಕಲಬುರಗಿ, ರಾಯಚೂರು, ಬೀದರಗಳು ನಿಜಾಮರವು. ಕೊಡಗಿಗೆ ಚೀಫ್ ಕಮಿಷನರರ ಪ್ರತ್ಯೇಕ ಆಳ್ವಿಕೆ. ಬೆಂಗಳೂರಂತೂ ಎರಡು ಹೋಳಾಗಿತ್ತು: ಪೇಟೆ ಮಹಾರಾಜರದು, ದಂಡು ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರದು, ಅದು ಸಂಸ್ಥಾನದ ಕೈಗೆ ಮರಳಿದ್ದು 1947ರಲ್ಲಿ. ಹೀಗಾಗಿ ಇಂದಿನ ಶಿವಾಜಿನಗರದ ಸಂಗತಿಯನ್ನು ಮೈಸೂರು ಗೆಜೆಟ್ಟಿನಲ್ಲಿ ಹುಡುಕಿ ಫಲವಿಲ್ಲ, ಚಿಕ್ಕಪೇಟೆಯ ಸಂಗತಿಯನ್ನು ದಂಡಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಹೆಚ್ಚು ನಿರೀಕ್ಷಿಸುವಂತಿಲ್ಲ. ಯಾವ ಸರ್ಕಾರದ ಕಾಯಿದೆ ಯಾವ ಮುದ್ರಣಾಲಯದ ಮೇಲೆ ನಡೆಯುತ್ತಿತ್ತು ಎಂಬುದನ್ನು ಮೊದಲು ತಿಳಿದುಕೊಂಡರೆ, ಒಂದು ಸರ್ಕಾರ ಮುಚ್ಚಿದ್ದನ್ನು ಗಡಿಯಾಚೆಯ ಪತ್ರಿಕೆಯಲ್ಲಿ ಹುಡುಕುವ ದಾರಿ ತೆರೆಯುತ್ತದೆ. ಶಿಕಾರಿಪುರದ ವಿಷಯಕ್ಕೆ ಬೆಂಗಳೂರಿನ ‘ತಾಯಿನಾಡು’, ‘ವಿಶ್ವಕರ್ನಾಟಕ’ಗಳನ್ನಷ್ಟೇ ಅಲ್ಲದೆ ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ವನ್ನೂ ನೋಡಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ, ಆ ತಾಲ್ಲೂಕಿನ ಗಡಿ ದಾಟಿದರೆ ಆಗ ಮುಂಬಯಿ ಪ್ರಾಂತ್ಯ.

ಶಿಕಾರಿಪುರ ಎಂದೊಡನೆ ಈಸೂರು ಬರುತ್ತದೆ. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ, 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿಯವರು ತಮ್ಮದೇ ಸರ್ಕಾರ ಘೋಷಿಸಿ, ಹುಡುಗರನ್ನು ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್‌ಇನ್ಸ್‌ಪೆಕ್ಟರ್ ಎಂದು ನೇಮಿಸಿ, ವೀರಭದ್ರ ದೇವಾಲಯದ ಮೇಲೆ ಬಾವುಟ ಹಾರಿಸಿದರು. 28ರಂದು ನಡೆದ ಘರ್ಷಣೆಯಲ್ಲಿ ಸಂಸ್ಥಾನ ಸರ್ಕಾರದ ನಿಜವಾದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಸತ್ತರು; ಮೊಕದ್ದಮೆ ನಡೆದು 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಶಾಲೆಯ ಮಕ್ಕಳಿಗೂ ಗೊತ್ತು. ಇಂಥ ಪ್ರಸಿದ್ಧ ಘಟನೆಯನ್ನು ಆ ಕಾಲದ ಪತ್ರಿಕೆಗಳಲ್ಲಿ ಓದುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಮೊದಲು ಬರುವುದು ಸರ್ಕಾರದ ಪತ್ರಿಕಾ ಪ್ರಕಟಣೆಯ ಭಾಷೆ. ಅಂಥ ಪ್ರಕಟಣೆಗಳಲ್ಲಿ ಅಧಿಕಾರಿಗಳಿಗೆ ಹೆಸರು, ಹುದ್ದೆ ಇರುತ್ತದೆ, ಎದುರಿದ್ದವರು ಬರಿಯ ‘ಗುಂಪು’ ಆಗಿರುತ್ತಾರೆ. ಮೊಕದ್ದಮೆ ಕೋರ್ಟು ಮೆಟ್ಟಿಲೇರಿದ ಮೇಲೆ ಆ ಗುಂಪು ಒಬ್ಬೊಬ್ಬರಾಗಿ ಬಿಡಿಸಿಕೊಳ್ಳುತ್ತದೆ: ಆರೋಪಿಯ ಹೆಸರು, ತಂದೆಯ ಹೆಸರು, ಕಸುಬು, ಸಾಕ್ಷಿ ಹೇಳಿದವನು ಯಾರ ಮನೆಯ ಪಕ್ಕದವನು. ಘಟನೆಯ ವಾರದ ಸಂಚಿಕೆಗಳಿಗಿಂತ ಆರು ತಿಂಗಳ ನಂತರದ ಸಂಚಿಕೆಗಳು ಹೆಚ್ಚು ಹೇಳುತ್ತವೆ ಎಂಬುದು ಈಸೂರಿಗಷ್ಟೇ ಅಲ್ಲ, 1942ರ ಹೆಚ್ಚಿನ ಪ್ರಕರಣಗಳಿಗೆ ಅನ್ವಯಿಸುವ ಮಾತು. ಆದರೂ ಬಹುಮಂದಿ ಆಗಸ್ಟ್ 9ರ ಆಚೀಚೆಯ ಸಂಚಿಕೆಗಳನ್ನು ತಿರುವಿ ಹಾಕಿ, ಏನೂ ಸಿಗಲಿಲ್ಲವೆಂದು ಎದ್ದು ಹೋಗುತ್ತಾರೆ.

ಹೊತ್ತಿನ ವಿಷಯದಲ್ಲಿ ಒಂದು ಬಲೆ ಇದೆ. ಇದನ್ನು ತುಸು ಬಿಡಿಸಿಯೇ ಹೇಳಬೇಕು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರ ಗ್ರಿನಿಚ್‌ಗಿಂತ ಐದೂವರೆ ಗಂಟೆಯಲ್ಲ, ಆರೂವರೆ ಗಂಟೆ ಮುಂದಿತ್ತು. ಯುದ್ಧದ ಉಳಿತಾಯಕ್ಕೆಂದು ಒಂದು ಗಂಟೆ ಮುಂದೂಡಿದ ಕಾಲ ಅದು. ಇಂದಿನ ಐದೂವರೆ ಗಂಟೆಯ ಕಾಲವೇ ಶಿಕಾರಿಪುರದ ಸೂರ್ಯನಿಗಿಂತ ಅರ್ಧ ಗಂಟೆಯಷ್ಟು ಮುಂದಿರುವುದರಿಂದ, ಯುದ್ಧಕಾಲದ ಗಡಿಯಾರ ಅಲ್ಲಿನ ಬಿಸಿಲಿಗಿಂತ ಸುಮಾರು ಒಂದೂವರೆ ಗಂಟೆ ಮುಂದಿತ್ತೆಂದಾಯಿತು. ಪತ್ರಿಕೆಯಲ್ಲಿ ಹಗಲು ಒಂದೂವರೆಗೆ ನಡೆಯಿತೆಂದು ಇದ್ದ ಸಂಗತಿಯನ್ನು ಹಳ್ಳಿಯ ಮುದುಕರು ‘ಹೊತ್ತು ನೆತ್ತಿಯ ಮೇಲಿತ್ತು’ ಎಂದರೆ ಇಬ್ಬರೂ ಸರಿಯೇ. ಗೋಲಿಬಾರು ಮೊದಲೋ ಮೆರವಣಿಗೆ ಮೊದಲೋ, ರೈಲು ಬಂದ ಮೇಲೆ ಪೊಲೀಸರು ಬಂದರೋ ಅದಕ್ಕೂ ಮೊದಲೋ ಎಂಬಂಥ ಪ್ರಶ್ನೆಗಳಲ್ಲಿ ಈ ಒಂದು ಗಂಟೆ ಇಡೀ ಕಥೆಯನ್ನು ತಿರುವುಮುರುವು ಮಾಡಬಲ್ಲದು. ಜೊತೆಗೆ ಹಿರಿಯರು ವರ್ಷವನ್ನು ಇಸವಿಯಲ್ಲಿ ಹೇಳುವುದಿಲ್ಲ, ಸಂವತ್ಸರದಲ್ಲಿ ಹೇಳುತ್ತಾರೆ. ಚಿತ್ರಭಾನು ಎಂದರೆ 1942ರ ಯುಗಾದಿಯಿಂದ ಮರುವರ್ಷದ ಯುಗಾದಿಯವರೆಗೆ, ಅದರ ಮುಂದಿನದು ಸ್ವಭಾನು, ಆಮೇಲೆ ತಾರಣ, ಪಾರ್ಥಿವ. ‘ತಾರಣದಲ್ಲಿ ಬಟ್ಟೆ ಸಿಗುತ್ತಿರಲಿಲ್ಲ’ ಎಂದು ಅಜ್ಜಿಯೊಬ್ಬರು ಹೇಳಿದರೆ 1944–45ರ ಸಂಚಿಕೆಗಳನ್ನು ಕೈಗೆತ್ತಿಕೊಳ್ಳಬೇಕು. ಬಟ್ಟೆ ಮತ್ತು ನೂಲಿನ ಕಂಟ್ರೋಲ್ ಆದೇಶ ಬಂದದ್ದು 1943ರಲ್ಲಿ, ಹಳ್ಳಿಗೆ ಅದರ ಬಿಸಿ ತಟ್ಟಿದ್ದು ನಂತರ ಎಂಬುದಕ್ಕೆ ಅಜ್ಜಿಯ ಮಾತು ಒಂದು ಸಾಕ್ಷಿ.

ಮೌನವನ್ನು ಓದುವುದು ಬೇರೆಯೇ ಕೆಲಸ. ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ಮುಂಬಯಿಯದು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೈನ್ ಎಂಬ ಹಡಗು ಸಿಡಿಯಿತು. ನೂರಾರು ಜನ ಸತ್ತರು, ಬಂದರಿನ ಸುತ್ತಲಿನ ಬಡಾವಣೆಗಳು ಸುಟ್ಟುಹೋದವು. ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಮರುದಿನವೇ ಅದನ್ನು ಹೇಳಿತು, ಆದರೆ ವರದಿಗಾರರು ವಿವರವನ್ನು ಹೊರದೇಶಗಳಿಗೆ ಕಳುಹಿಸಲು ಸೆನ್ಸಾರಿನವರು ಬಿಟ್ಟದ್ದು ಮೇ ತಿಂಗಳಲ್ಲಿ. ನಮ್ಮ ಕಡೆಯ ಮೌನಗಳು ಇಷ್ಟು ದೊಡ್ಡವಲ್ಲ, ಆದರೆ ಹೆಚ್ಚು ಉಪಯುಕ್ತ. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯೊಡನೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದಾಗ ಅದು ಸಂಭ್ರಮದ ಸುದ್ದಿ. 1942ರಲ್ಲಿ ಭಾರತ ಸರ್ಕಾರ ಅವರ ಪಾಲನ್ನು ಕೊಂಡಿತು, 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಿಮಾನ ದಳದ ಉಸ್ತುವಾರಿಗೆ ಹೋಗಿ ಯುದ್ಧವಿಮಾನಗಳ ರಿಪೇರಿಯ ಕೇಂದ್ರವಾಯಿತು. ಜಪಾನ್ ಯುದ್ಧಕ್ಕಿಳಿದ ಮೇಲೆ ಇಂಥ ಜಾಗಗಳು ಸುದ್ದಿಯಲ್ಲಿ ಬಂದರೂ ‘ಭಾರತದ ಒಂದು ಕಡೆ’ ಎಂಬ ಸಾಲಿನ ಕೆಳಗೆ ಬರುವುದು ವಾಡಿಕೆ.

ಆದರೆ ಜಮೀನಿಗೆ ಗುಟ್ಟೆಂಬುದಿಲ್ಲ. ವಿಮಾನ ನಿಲ್ದಾಣಕ್ಕಾಗಲಿ, ಬಾರಕ್ಕುಗಳಿಗಾಗಲಿ, ಮಿಲಿಟರಿ ಆಸ್ಪತ್ರೆಗಾಗಲಿ ರೈತರ ಹೊಲವನ್ನು ಸರ್ಕಾರ ವಶಪಡಿಸಿಕೊಳ್ಳಬೇಕಾದರೆ ಕಾಯಿದೆಯಂತೆ ಪ್ರಕಟಣೆ ಹೊರಡಿಸಬೇಕು. ಅದರಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರು, ಎಕರೆ ಗುಂಟೆ, ಖಾತೆದಾರರ ಹೆಸರು ಇರಲೇಬೇಕು. ಸುದ್ದಿಯ ಪುಟ ಊರಿನ ಹೆಸರನ್ನು ನುಂಗಿಕೊಂಡಾಗ ಗೆಜೆಟ್ಟು ಆ ಊರಿನ ಹೊಲದ ಬದುವನ್ನೂ ತೋರಿಸುತ್ತದೆ. ಪತ್ರಿಕೆಯಲ್ಲಿ ಅದೇ ತಿಂಗಳ ಜಾಹೀರಾತುಗಳನ್ನು ನೋಡಿದರೆ ಫಿಟ್ಟರು, ಟರ್ನರು, ಬಡಗಿ, ಗುಮಾಸ್ತರು ಬೇಕೆಂಬ ಕರೆಗಳು ಕಾಣುತ್ತವೆ, ತರಕಾರಿ ಮತ್ತು ಸೌದೆ ಒದಗಿಸುವ ಕಂತ್ರಾಟುದಾರರಿಗೆ ಟೆಂಡರು ಕಾಣುತ್ತದೆ. ಎಷ್ಟು ಮಣ ಸೌದೆ, ಎಷ್ಟು ಸೇರು ಹಾಲು ಎಂಬುದರಿಂದ ಶಿಬಿರದಲ್ಲಿ ಎಷ್ಟು ಬಾಯಿಗಳಿದ್ದವೆಂದು ಅಂದಾಜಿಸಬಹುದು. ನನ್ನ ದೃಷ್ಟಿಯಲ್ಲಿ ಯುದ್ಧಕಾಲದ ಸ್ಥಳೀಯ ಇತಿಹಾಸದಲ್ಲಿ ಟೆಂಡರು ನೋಟೀಸಿನಷ್ಟು ನಂಬಿಕಸ್ಥ ಬರಹ ಇನ್ನೊಂದಿಲ್ಲ. ಹೆಚ್ಚು ಹೇಳಿದರೂ ಕಡಿಮೆ ಹೇಳಿದರೂ ಬರೆಸಿದವನಿಗೇ ನಷ್ಟ.

ಧಾರಣೆಯ ಪಟ್ಟಿಗಳ ಬಗ್ಗೆ ಎಚ್ಚರ ಬೇಕು. ರಾಗಿ, ಅಕ್ಕಿಗಳ ಸಗಟು ದರವನ್ನು ಧಾನ್ಯದ ದೊಡ್ಡ ಅಳತೆಯಾದ ಪಲ್ಲದ ಲೆಕ್ಕದಲ್ಲಿ ಕೊಡುತ್ತಿದ್ದರು. ಚಿಲ್ಲರೆ ದರವನ್ನು ಎಷ್ಟೋ ಕಡೆ ‘ರೂಪಾಯಿಗೆ ಇಷ್ಟು ಸೇರು’ ಎಂದು ಕೊಡುತ್ತಿದ್ದರು. ಎರಡನೆಯ ಬಗೆಯ ಪಟ್ಟಿಯಲ್ಲಿ ಅಂಕಿ ಇಳಿಯಿತೆಂದರೆ ಬೆಲೆ ಏರಿತೆಂದು ಅರ್ಥ. ರಂಗೂನು ಕೈತಪ್ಪಿದ 1942ರ ಮಾರ್ಚಿನ ನಂತರ ಬರ್ಮಾ ಅಕ್ಕಿ ನಿಂತದ್ದರ ಪರಿಣಾಮವನ್ನು ಅನ್ನ ಉಣ್ಣುವ ಕರಾವಳಿಯ ಪತ್ರಿಕೆಯಲ್ಲಿಯೂ ರಾಗಿ ಉಣ್ಣುವ ಬಯಲುಸೀಮೆಯ ಪತ್ರಿಕೆಯಲ್ಲಿಯೂ ಹೋಲಿಸಿ ನೋಡಿದರೆ, ಒಂದೇ ಯುದ್ಧ ಎರಡು ಸೀಮೆಗಳ ಒಲೆಗೆ ಬೇರೆಬೇರೆ ಹೊತ್ತಿನಲ್ಲಿ ತಲುಪಿದ್ದು ತಿಳಿಯುತ್ತದೆ. ಕಂಟ್ರೋಲ್ ಜಾರಿಯಾದ ಮೇಲೆ ಈ ಪಟ್ಟಿಗಳ ಉಪಯೋಗ ತೀರಾ ಕಡಿಮೆಯಾಗುತ್ತದೆ, ಏಕೆಂದರೆ ಅಲ್ಲಿ ಇರುವುದು ಸರ್ಕಾರ ಗೊತ್ತುಮಾಡಿದ ದರ, ಜನ ಕೊಟ್ಟ ದರವಲ್ಲ. ಜನ ಕೊಟ್ಟ ದರ ಕೋರ್ಟಿನ ವಾರ್ತೆಯಲ್ಲಿ ಸಿಗುತ್ತದೆ: ಇಂಥ ಮಂಡಿಯ ವ್ಯಾಪಾರಿ ಸೀಮೆಎಣ್ಣೆಯನ್ನೋ ಸಕ್ಕರೆಯನ್ನೋ ಇಷ್ಟು ಆಣೆಗೆ ಮಾರಿದ್ದಕ್ಕೆ ಇಷ್ಟು ರೂಪಾಯಿ ಜುಲ್ಮಾನೆ ಎಂದು ಒಂದು ಸಾಲು ಬಂದರೆ, ಕಾಳಸಂತೆಯ ಬೆಲೆ ತಾರೀಖಿನ ಸಮೇತ ಸಿಕ್ಕಂತಾಯಿತು. ರೈತರಿಂದ ಸರ್ಕಾರ ಕಡ್ಡಾಯವಾಗಿ ಧಾನ್ಯ ಪಡೆಯುತ್ತಿದ್ದ ಲೆವಿಯ ಕಥೆಯೂ ಹೀಗೆಯೇ. ರೈತರು ಸಂತೋಷದಿಂದ ಧಾನ್ಯ ಒಪ್ಪಿಸುತ್ತಿದ್ದಾರೆಂಬ ಪ್ರಕಟಣೆಯ ಪಕ್ಕದಲ್ಲಿ, ನೆಲದೊಳಗಿನ ಹಗೇವಿನಲ್ಲಿ ರಾಗಿ ಬಚ್ಚಿಟ್ಟಿದ್ದಕ್ಕೆ ದಂಡ ತೆತ್ತವನ ಸುದ್ದಿ ಇದ್ದರೆ ಎರಡನೆಯದನ್ನು ನಂಬುವುದು ಲೇಸು.

ಚಿಲ್ಲರೆ ನಾಣ್ಯದ ಅಭಾವದ ಸುದ್ದಿಗಳೂ ನನಗೆ ಇಷ್ಟ. ಬೆಳ್ಳಿಯನ್ನು ಜನ ಬಚ್ಚಿಟ್ಟರು, 1940ರಲ್ಲಿ ಒಂದು ರೂಪಾಯಿಯ ನೋಟು ಮತ್ತೆ ಬಂತು, ಲೋಹ ಉಳಿಸಲು 1943ರಿಂದ ನಡುವೆ ತೂತಿರುವ ಕಾಸು ಟಂಕಿಸಿದರು. ಹಳೆಯ ಮನೆಗಳ ಗಲ್ಲಾಪೆಟ್ಟಿಗೆಯಲ್ಲಿ, ಮಕ್ಕಳ ಉಡಿದಾರದಲ್ಲಿ ಆ ತೂತು ಕಾಸು ಇಂದಿಗೂ ಸಿಗುತ್ತದೆ. ಕಾಫಿಯ ಸೀಮೆಯವರು ಇದೇ ವರ್ಷಗಳ ಸಂಚಿಕೆಗಳಲ್ಲಿ ಇನ್ನೊಂದನ್ನು ಹುಡುಕಬೇಕು: ಯೂರೋಪಿನ ಮಾರುಕಟ್ಟೆ ಮುಚ್ಚಿದ ಕಾರಣ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುವ ವ್ಯವಸ್ಥೆ ಬಂದದ್ದು, ಒಳನಾಡಿನಲ್ಲಿ ಕಾಫಿ ಕುಡಿಸುವ ಪ್ರಚಾರ ಜೋರಾದದ್ದು.

ಯುದ್ಧನಿಧಿಯ ದೇಣಿಗೆಯ ಪಟ್ಟಿಗಳನ್ನು ಓದಲು ಬೇಸರವೆಂದು ಬಿಟ್ಟುಬಿಡುವವರೇ ಹೆಚ್ಚು. ತಾಲ್ಲೂಕುವಾರು, ಹೋಬಳಿವಾರು ಹೆಸರುಗಳು, ಎದುರಿಗೆ ರೂಪಾಯಿ. ಆದರೆ ಆ ಹೆಸರುಗಳು ಪಟೇಲರವು, ಶಾನುಭೋಗರವು, ಮಂಡಿ ಸಾಹುಕಾರರವು, ಅಬ್ಕಾರಿ ಕಂತ್ರಾಟುದಾರರವು. ಒಂದು ಹೋಬಳಿಯಲ್ಲಿ ಯಾರು ಹಣವುಳ್ಳ ಕುಳಗಳು, ಯಾರು ಅಮಲ್ದಾರರ ಮಾತಿಗೆ ಕಟ್ಟುಬಿದ್ದವರು ಎಂಬುದರ ತಯಾರು ನಕ್ಷೆ ಅದು. ಅದೇ ಹೆಸರುಗಳಲ್ಲಿ ಕೆಲವು ಮರುವರ್ಷ ಚಳವಳಿಯ ದಸ್ತಗಿರಿಯ ಪಟ್ಟಿಯಲ್ಲಿ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಮನೆಯಲ್ಲಿ ಅಪ್ಪ ಯುದ್ಧನಿಧಿಗೆ ಕೊಟ್ಟು ಮಗ ತಂತಿ ಕತ್ತರಿಸಲು ಹೋದದ್ದು ನಮ್ಮ ಹಳ್ಳಿಗಳಲ್ಲಿ ಒಂದೇ ಮನೆಯ ಕಥೆಯಲ್ಲ.

ಇನ್ನು ಈ ಪತ್ರಿಕೆಗಳ ಸ್ಥಿತಿ. ಆ ಕಾಲದಲ್ಲಿ ಭಾರತದಲ್ಲಿ ನ್ಯೂಸ್‌ಪ್ರಿಂಟ್ ಕಾರ್ಖಾನೆ ಇರಲಿಲ್ಲ, ಕಾಗದವೆಲ್ಲ ಹಡಗಿನಲ್ಲಿ ಬರಬೇಕಿತ್ತು, ಹಡಗು ಬರುವುದು ಕಷ್ಟವಾದಂತೆ ಪುಟಗಳು ಇಳಿದವು, ಅಕ್ಷರ ಸಣ್ಣದಾಯಿತು, ಅಂಚು ಕಿರಿದಾಯಿತು. ಮರದ ತಿರುಳಿನ ಆ ಕಾಗದದಲ್ಲಿ ಆಮ್ಲವಿರುವುದರಿಂದ ಎಂಬತ್ತು ವರ್ಷಗಳಲ್ಲಿ ಅದು ಕಂದಿ ಹಪ್ಪಳದಂತಾಗಿದೆ. ಮಡಿಕೆಯ ಗೆರೆಯಲ್ಲಿದ್ದ ಸಾಲು ಪುಡಿಯಾಗಿ ಮೊದಲು ಹೋಗುತ್ತದೆ. ಅಂಚು ಕಿರಿದಾದ ಸಂಚಿಕೆಗಳನ್ನು ಸಂಪುಟವಾಗಿ ಬೈಂಡು ಮಾಡುವಾಗ ದಾರ ಒಳಗಿನ ಕಾಲಮ್ಮನ್ನು ಹೊಲಿದುಬಿಟ್ಟಿರುತ್ತದೆ. ಸ್ಥಳೀಯ ವಾರ್ತೆಗಳು ಆ ಕಾಲಮ್ಮಿನಲ್ಲಿದ್ದರೆ ಪ್ರತಿ ಸಾಲಿನ ಮೊದಲ ಎರಡಕ್ಷರವನ್ನು ಊಹಿಸಿಕೊಂಡೇ ಓದಬೇಕು. ಒಂದು ಗ್ರಂಥಾಲಯದಲ್ಲಿ ನನಗೆ 1942ರ ಉತ್ತರಾರ್ಧದ ಸಂಪುಟವೇ ಇಲ್ಲವೆಂದರು, ಅದರ ಹಿಂದಿನದೂ ಮುಂದಿನದೂ ಇದ್ದವು. ಆ ತಿಂಗಳುಗಳಲ್ಲಿ ದೇಶದ ಹಲವು ಪತ್ರಿಕೆಗಳು ನಿರ್ಬಂಧವನ್ನು ಪ್ರತಿಭಟಿಸಿ ತಾವೇ ನಿಂತಿದ್ದವು. ಆದ್ದರಿಂದ ಸಂಪುಟ ಕಳೆದುಹೋಗಿದೆಯೋ, ಅಚ್ಚೇ ಆಗಿರಲಿಲ್ಲವೋ ಎಂಬುದನ್ನು ಹಿಂದಿನ ಸಂಪುಟದ ಕೊನೆಯ ಸಂಚಿಕೆಯನ್ನೂ ಮುಂದಿನದರ ಮೊದಲ ಸಂಚಿಕೆಯ ಕ್ರಮಸಂಖ್ಯೆಯನ್ನೂ ನೋಡಿ ತೀರ್ಮಾನಿಸಬೇಕು. ಸಂಖ್ಯೆ ಜಿಗಿದಿದ್ದರೆ ಪತ್ರಿಕೆ ಬಂದಿತ್ತು, ಇಂದು ಇಲ್ಲ. ಸಂಖ್ಯೆ ಮುಂದುವರಿದಿದ್ದರೆ ಪತ್ರಿಕೆಯೇ ನಿಂತಿತ್ತು.

ಮೊದಲನೆಯ ಮಹಾಯುದ್ಧದ ಕಾಲದ ಕನ್ನಡ ಪತ್ರಿಕೆಗಳಿಗೆ ಹೋದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ, ಎಷ್ಟೋ ಪತ್ರಿಕೆಗಳ ಒಂದು ಸಂಚಿಕೆಯೂ ಸಿಗುವುದಿಲ್ಲ. ಅಲ್ಲಿ ಕೈಹಿಡಿಯುವುದು ಬ್ರಿಟಿಷರ ಅನುಮಾನ. ದೇಶಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆಯೆಂದು ತಿಳಿಯಲು ಮದರಾಸು ಸರ್ಕಾರ ಭಾಷಾಂತರಕಾರರನ್ನಿಟ್ಟು ವಾರವಾರವೂ ಇಂಗ್ಲಿಷಿನಲ್ಲಿ ಸಾರಾಂಶ ಮಾಡಿಸುತ್ತಿತ್ತು; ಮೈಸೂರಿನ ಪತ್ರಿಕೆಗಳೂ ಅದರೊಳಗೆ ಬರುತ್ತಿದ್ದವು. ಮೂಲ ಮಣ್ಣುಪಾಲಾಗಿ ಸಾರಾಂಶ ಉಳಿದಿರುವುದು ಬಹಳ. ಇದನ್ನು ಬಳಸುವಾಗ ಒಂದು ನೆನಪಿರಬೇಕು: ಭಾಷಾಂತರಕಾರ ಆರಿಸಿಕೊಂಡದ್ದು ಸರ್ಕಾರಕ್ಕೆ ಕಿರಿಕಿರಿಯೆನಿಸುವ ಬರಹಗಳನ್ನು. ಆದ್ದರಿಂದ ಆ ವರದಿಗಳನ್ನಷ್ಟೇ ಓದಿದವರಿಗೆ 1914–18ರ ಕನ್ನಡ ಪತ್ರಿಕೆಗಳು ಬರಿಯ ದೂರಿನ ಮೂಟೆಗಳಂತೆ ಕಾಣುತ್ತವೆ. ಧಾರಣೆಯ ಪಟ್ಟಿ, ನಾಟಕದ ಜಾಹೀರಾತು, ಜಾತ್ರೆಯ ಸುದ್ದಿ ಅಲ್ಲಿಗೆ ಬರಲೇ ಇಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದವರ ಜೊತೆಗೂಡಿ ಪ್ಯಾಲೆಸ್ಟೈನಿನ ಹೈಫಾವನ್ನು ಗೆದ್ದ ವಾರಗಳಲ್ಲಿಯೇ ಸಂಸ್ಥಾನದೊಳಗೆ ಇನ್‌ಫ್ಲುಯೆಂಜಾ ಹಬ್ಬಿ ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದಿತು. ಒಂದೇ ಪುಟದಲ್ಲಿ ಇವೆರಡೂ ಹೇಗೆ ಕೂಡಿ ಬಂದಿದ್ದವು ಎಂಬುದನ್ನು ನೋಡಲು ಸಾರಾಂಶ ಸಾಲದು, ಪತ್ರಿಕೆಯೇ ಬೇಕು.

ಈಚೆಗೆ ಹೊರದೇಶದ ಸಂಗ್ರಹಗಳು ನಮ್ಮ ಊರಿನ ಕೆಲಸಕ್ಕೂ ಒದಗುತ್ತಿವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ಸಿಂಗಪುರದ ನ್ಯೂಸ್‌ಪೇಪರ್ ಎಸ್‌ಜಿ, ಇವೆರಡರಲ್ಲೂ ಹಳೆಯ ಪತ್ರಿಕೆಗಳನ್ನು ಪದ ಕೊಟ್ಟು ಹುಡುಕಬಹುದು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು 1941ರಿಂದ ಬೆಂಗಳೂರಿನ ಶಿಬಿರಗಳಲ್ಲಿ ಇರಿಸಿದ್ದರು. ಅವರಲ್ಲಿ ಎಷ್ಟೋ ಮಂದಿಯನ್ನು ಆಮೇಲೆ ಹೊಲಗೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಇಲ್ಲಿನ ಪತ್ರಿಕೆಗಳು ಶಿಬಿರದ ಬಗ್ಗೆ ಬಾಯಿ ಬಿಡದ ವರ್ಷಗಳಲ್ಲಿ ಅಲ್ಲಿನ ಜಿಲ್ಲಾ ಪತ್ರಿಕೆಗಳು ‘ಭಾರತದಿಂದ ಬಂದ ಕೈದಿಗಳು’ ಎಂದು ಏನಾದರೂ ಬರೆದಿರಬಹುದೇ ಎಂದು ನೋಡುವುದು ಈಗ ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸ. ಕನ್ನಡ ಪತ್ರಿಕೆಗಳಿಗೆ ಆ ಸೌಕರ್ಯ ಇನ್ನೂ ಅಷ್ಟಾಗಿ ಬಂದಿಲ್ಲ. ಸ್ಕ್ಯಾನ್ ಆದ ಪುಟಗಳಲ್ಲೂ ಮಾಸಿದ ಮೊಳೆಯಚ್ಚಿನ ಒತ್ತಕ್ಷರಗಳನ್ನು ಯಂತ್ರ ತಪ್ಪಾಗಿ ಓದುತ್ತದೆ. ಹಾಗಾಗಿ ಸದ್ಯಕ್ಕೆ ನನ್ನ ಕ್ರಮ ಹೀಗಿದೆ: ಗೆಜೆಟ್ಟಿನಿಂದ ಗ್ರಾಮ ಮತ್ತು ತಾರೀಖನ್ನು ಗೊತ್ತುಮಾಡಿಕೊಳ್ಳುವುದು, ಆ ತಾರೀಖಿನ ಆಚೀಚೆಯ ಒಂದು ತಿಂಗಳ ಕನ್ನಡ ಸಂಚಿಕೆಗಳನ್ನು ಸಾಲು ಬಿಡದೆ ಕಣ್ಣಿನಿಂದಲೇ ಓದುವುದು, ಸಿಕ್ಕ ಹೆಸರು ಮತ್ತು ನಂಬರುಗಳನ್ನು ಹಿಡಿದು ಗಡಿಯಾಚೆಯ ಪತ್ರಿಕೆಗೂ ಹೊರದೇಶದ ಸಂಗ್ರಹಕ್ಕೂ ಹೋಗುವುದು. ಬೆಂಗಳೂರಿನ ಜಾಲಹಳ್ಳಿ ಕಡೆಯ ಶಿಬಿರಗಳಿಗೆ ಸೌದೆ ಒದಗಿಸಿದ ಟೆಂಡರುಗಳು ಮುಂದಿನ ಸರದಿ, ಅಷ್ಟು ಸೌದೆ ಯಾವ ಕಾಡಿನಿಂದ ಬಂತೆಂಬುದಕ್ಕೆ ಶಿವಮೊಗ್ಗದ ಅರಣ್ಯ ಹರಾಜಿನ ನೋಟೀಸುಗಳನ್ನೂ ಜೊತೆಗೆ ತೆಗೆಸಬೇಕಾಗಿದೆ.